ದಪ್ಪ ಅಕ್ಷರ, ಓರೆ ಅಕ್ಷರ ಮತ್ತು ನಮ್ಮ ಕನ್ನಡ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ. ಲೇಖಕರು ಬಿ.ಇ. ಪದವೀಧರರು, 2004ರ ಎಸ್.ಎಸ್.ಎಲ್.ಸಿ. ತಂಡದ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಬೇಕು ಎಂದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ಅದಕ್ಕೆ ನಾನು ವಿನಂತಿಸಿಕೊಂಡು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ನನ್ನ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪು, ಅದರಿಂದ ಕಲಿತ ಒಂದು ಪಾಠ. ವಿಷಯ ಚಿಕ್ಕದು: ತಲೆಬರಹದ ಅಕ್ಷರ. ಪತ್ರಿಕೆಯಲ್ಲಿ, ಫ್ಲೆಕ್ಸಿನಲ್ಲಿ, ಮೊಬೈಲಿನಲ್ಲಿ ದಪ್ಪಗೆ, ಬಲಕ್ಕೆ ವಾಲಿಕೊಂಡು ನಿಂತಿರುತ್ತದಲ್ಲ, ಆ ಅಕ್ಷರ.

ಮೊದಲು ತಪ್ಪಿನ ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ರೈತರಿಗಾಗಿ ಒಂದು ಮೊಬೈಲ್ ಆಪ್ ಮಾಡಿದೆವು. ಹವಾಮಾನ, ಮಾರುಕಟ್ಟೆ ದರ, ಸರ್ಕಾರದ ಯೋಜನೆಗಳ ಸುದ್ದಿ, ಎಲ್ಲವೂ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ. ವಿನ್ಯಾಸ ಮಾಡಿದವರು ಇಂಗ್ಲಿಷಿನಲ್ಲಿ ಮಾಡಿ ಕೊಟ್ಟರು. ಪ್ರತಿ ಸುದ್ದಿಯ ತಲೆಬರಹ ದಪ್ಪವಾಗಿ, ಓರೆಯಾಗಿ ಇರಬೇಕು ಎಂದು ಅದರಲ್ಲಿ ಬರೆದಿತ್ತು. ನೋಡಲು ಚುರುಕಾಗಿ ಕಾಣುತ್ತಿತ್ತು. ಅದನ್ನು ಕನ್ನಡಕ್ಕೂ ಅನ್ವಯಿಸುವ ಒಂದು ಸಾಲಿನ ಪ್ರೋಗ್ರಾಂ ಬರೆದವನು ನಾನೇ.

ಹಬ್ಬಕ್ಕೆ ಊರಿಗೆ ಬಂದಾಗ ಅಮ್ಮನ ಫೋನಿಗೂ ಅದನ್ನು ಹಾಕಿಕೊಟ್ಟೆ. ಅಮ್ಮ ಓದಿದ್ದು ನಾಲ್ಕನೇ ತರಗತಿ. ಆದರೂ ತಲೆಬರಹಗಳನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಅಂದು ಒಂದು ಸುದ್ದಿ ಇತ್ತು: ‘ಹೈನುಗಾರಿಕೆಗೆ ಸಹಾಯಧನ’. ಅಮ್ಮ ಅದನ್ನು ಓದಿ, “ಏನ್ ಮಗ, ಹಾಲು ಹಾಕೋರಿಗೆ ಸಹಾಯಕ್ಕೆ ಅಂತ ದನ ಕೊಡ್ತಾರಂತಾ?” ಎಂದರು. ಮನೆಯವರೆಲ್ಲ ನಕ್ಕೆವು. ನಾನು, “ದನ ಅಲ್ಲಮ್ಮ, ಧನ. ದುಡ್ಡು” ಎಂದೆ. ಅಮ್ಮ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. “ನಂಗೆ ದನ ಅಂತ್ಲೇ ಕಾಣ್ತದೆ ಕಣಪ್ಪ. ಕಣ್ಣು ಮಂಜಾಯ್ತಾ ಐತೆ ಅನ್ಸುತ್ತೆ” ಎಂದು ಫೋನ್ ಕೆಳಗಿಟ್ಟರು.

ಮುಂದಿನ ಸಲ ಬಂದಾಗ ನೋಡಿದರೆ ಅಮ್ಮ ಆ ಆಪ್ ತೆರೆಯುವುದನ್ನೇ ಬಿಟ್ಟಿದ್ದರು. ಪೊರೆ ಬಂದಿರಬಹುದು ಎಂದು ಹೆದರಿ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ವೈದ್ಯರು ಕನ್ನಡ ಅಕ್ಷರದ ಕಾರ್ಡು ಕೊಟ್ಟು ಓದಿಸಿದರು. ಅಮ್ಮ ಕೊನೆಯ ಸಣ್ಣ ಸಾಲಿನವರೆಗೂ ಓದಿದರು. ಪೊರೆ ಇಲ್ಲ, ಕನ್ನಡಕದ ನಂಬರೂ ಸರಿ ಇದೆ ಎಂದರು ವೈದ್ಯರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನ ಫೋನ್ ತೆಗೆದು ನಾನೇ ಆ ತಲೆಬರಹಗಳನ್ನು ಕಣ್ಣಿಟ್ಟು ನೋಡಿದೆ. ‘ಧ’ದ ಕೆಳಗಿನ ಪುಟ್ಟ ಗೀಟು ದಪ್ಪಗಾದ ಹೊಟ್ಟೆಯೊಳಗೆ ಸೇರಿಹೋಗಿತ್ತು. ಅಲ್ಲಿ ಇದ್ದದ್ದು ನಿಜಕ್ಕೂ ‘ದ’ವೇ. ನಾನು ‘ಧ’ ಎಂದು ಓದುತ್ತಿದ್ದುದು ಕಣ್ಣಿನಿಂದಲ್ಲ, ಪದ ಮೊದಲೇ ಗೊತ್ತಿದ್ದರಿಂದ. ಇದ್ದದ್ದನ್ನು ಇದ್ದ ಹಾಗೆ ಓದಿದವರು ಅಮ್ಮ ಒಬ್ಬರೇ.

ಓದು ರೂಢಿಯಾದ ನಾವು ಅಕ್ಷರ ಸರಿಯಿಲ್ಲದಿದ್ದರೆ ‘ಮುದ್ರಣ ದೋಷ’ ಎನ್ನುತ್ತೇವೆ. ಕಡಿಮೆ ಓದಿದವರು ‘ನನ್ನ ಕಣ್ಣೇ ಸರಿಯಿಲ್ಲ’ ಎನ್ನುತ್ತಾರೆ. ಅಂದಿನಿಂದ ಇದು ನನಗೆ ಚಿಕ್ಕ ವಿಷಯವಾಗಿ ಉಳಿಯಲಿಲ್ಲ.

ಈಗ, ಈ ದಪ್ಪ ಓರೆ ಅಕ್ಷರ ಎಲ್ಲಿಂದ ಬಂತು ಎಂದು ನೋಡೋಣ. ಕಂಪ್ಯೂಟರಿನಲ್ಲಿ ಇದಕ್ಕೆ ಮೂರು ಪದ ಬಳಸುತ್ತೇವೆ: ಬೋಲ್ಡ್, ಇಟಾಲಿಕ್, ಸ್ಯಾನ್ಸ್ ಸೆರಿಫ್. ಬೋಲ್ಡ್ ಎಂದರೆ ದಪ್ಪ, ಇಟಾಲಿಕ್ ಎಂದರೆ ಓರೆ. ಇಂಗ್ಲಿಷ್ ಅಕ್ಷರದ ಕಾಲಿನ ತುದಿಯಲ್ಲಿ ಪುಟ್ಟ ಪಾದದಂಥ ಚಾಚು ಇರುತ್ತದಲ್ಲ, ಅದು ಸೆರಿಫ್. ಅದು ಇಲ್ಲದ ನೇರ ಅಕ್ಷರ ಸ್ಯಾನ್ಸ್ ಸೆರಿಫ್.

ಈ ಮೂರೂ ಒಟ್ಟಿಗೆ ಹುಟ್ಟಿದವಲ್ಲ. ಇಟಾಲಿಕ್ ಹುಟ್ಟಿದ್ದು ಇಟಲಿಯ ವೆನಿಸ್ ನಗರದಲ್ಲಿ. ಆಲ್ಡಸ್ ಮನೂಷಿಯಸ್ ಎಂಬ ಮುದ್ರಕ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಕೈಯಲ್ಲಿ ಹಿಡಿದು ಓದುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿದ. ಅದಕ್ಕೆ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿ ಆ ಕಾಲದ ವಿದ್ವಾಂಸರ ಕೈಬರಹದ ಮಾದರಿಯಲ್ಲಿ ಮೊಳೆಗಳನ್ನು ಕೆತ್ತಿಕೊಟ್ಟ. ಅಂದರೆ ಇಟಾಲಿಕ್ ಮೊದಲಿಗೆ ನೇರ ಅಕ್ಷರವನ್ನು ವಾಲಿಸಿ ಮಾಡಿದ್ದಲ್ಲ. ಅದೇ ಒಂದು ಬೇರೆ ಬರವಣಿಗೆ. ಇಡೀ ಪುಸ್ತಕವೇ ಅದರಲ್ಲಿ ಇರುತ್ತಿತ್ತು. ಒಂದು ಪದಕ್ಕೆ ಒತ್ತು ಕೊಡಲು ನೇರ ಅಕ್ಷರಗಳ ನಡುವೆ ಅದನ್ನು ಬಳಸುವ ಪದ್ಧತಿ ಆಮೇಲೆ ಬೆಳೆಯಿತು.

ಪಾದವಿಲ್ಲದ ಅಕ್ಷರ ಬಂದದ್ದು ಮುನ್ನೂರು ವರ್ಷಗಳ ನಂತರ. ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್ 1816ರಲ್ಲಿ ತನ್ನ ಮಾದರಿ ಪುಸ್ತಕದಲ್ಲಿ ಅಂಥ ಒಂದು ಅಚ್ಚನ್ನು ತೋರಿಸಿದ. ಬರೀ ದೊಡ್ಡಕ್ಷರ, ಒಂದೇ ಅಳತೆ. ಗೋಡೆಗೆ ಅಂಟಿಸುವ ಜಾಹೀರಾತುಗಳ ಕಾಲ ಅದು. ದೂರಕ್ಕೆ ಕಾಣುವ ಅಕ್ಷರ ಬೇಕಾಗಿತ್ತು, ಆದ್ದರಿಂದ ಈ ಜಾತಿಯ ಅಕ್ಷರ ಆ ಶತಮಾನದಲ್ಲಿ ಬೆಳೆಯುತ್ತ ಹೋಯಿತು. 1957ರಲ್ಲಿ ಎಡ್ರಿಯನ್ ಫ್ರುಟಿಗರ್ ಎಂಬ ಸ್ವಿಸ್ ವಿನ್ಯಾಸಕ ‘ಯೂನಿವರ್ಸ್’ ಎಂಬ ಅಕ್ಷರ ಕುಟುಂಬವನ್ನು ರೂಪಿಸಿದ. ಅದರಲ್ಲಿ 21 ರೂಪಗಳು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. 55 ಎಂದರೆ ಸಾಮಾನ್ಯ, 56 ಅದರ ಓರೆ, 65 ಎಂದರೆ ದಪ್ಪ, 66 ಎಂದರೆ ದಪ್ಪ ಓರೆ. ಆ 66 ಎಂಬುದು 65ನ್ನು ತಳ್ಳಿ ವಾಲಿಸಿದ್ದಲ್ಲ. ಅದನ್ನು ಬೇರೆಯಾಗಿಯೇ ಕೂತು ತಿದ್ದಿ ಬರೆದದ್ದು. ಆಟೋಟದ ಸುದ್ದಿ, ವಾಹನದ ಜಾಹೀರಾತು, ಹೀಗೆ ವೇಗ ತೋರಿಸಬೇಕಾದ ಕಡೆಯೆಲ್ಲ ಇಂಥ ಅಕ್ಷರ ಓಡಿತು. ಓಡುವವನು ಮುಂದಕ್ಕೆ ಬಾಗುತ್ತಾನೆ, ಅಕ್ಷರವೂ ಮುಂದಕ್ಕೆ ಬಾಗಿದರೆ ಓಡಿದಂತೆ ಕಾಣುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇರುವುದು, ಯಾರೂ ಬರೆಯದ ಅಕ್ಷರವನ್ನು ಬರೆದಿದ್ದಾರೆ ಎಂದು ತೋರಿಸುವುದರಲ್ಲಿ.

ಸೀಸದ ಮೊಳೆಯ ಕಾಲದಲ್ಲಿ ಹೀಗೆ ಮಾಡಲು ಆಗುತ್ತಿರಲಿಲ್ಲ. ಕನ್ನಡದ ಮೊಳೆಗಳಿಗೂ ಎರಡು ಶತಮಾನದ ಚರಿತ್ರೆ ಇದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಕಿಟೆಲ್ಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದದ್ದು 1894ರಲ್ಲಿ. ಆಗ ದಪ್ಪ ಅಕ್ಷರ ಬೇಕೆಂದರೆ ಒಬ್ಬ ಮನುಷ್ಯ ಕೂತು ಅದನ್ನು ಕೆತ್ತಬೇಕಿತ್ತು. ಕೆತ್ತದಿದ್ದರೆ ಅದು ಇರುತ್ತಿರಲಿಲ್ಲ. ಮೊಳೆಯನ್ನು ಬಗ್ಗಿಸಿ ಓರೆ ಮಾಡಲು ಆಗುವುದಿಲ್ಲವಲ್ಲ.

ಕಂಪ್ಯೂಟರ್ ಬಂದ ಮೇಲೆ ಅದು ಸಾಧ್ಯವಾಯಿತು. ನಮ್ಮ ಶಾಲೆಗೆ ಮಾಹಿತಿ ಸಿಂಧು ಯೋಜನೆಯಲ್ಲಿ ಕಂಪ್ಯೂಟರ್ ಬಂದಾಗ ನಾವು ಮೊದಲು ಕಲಿತದ್ದೇ ‘ನುಡಿ’ಯಲ್ಲಿ ನಮ್ಮ ಹೆಸರು ಟೈಪ್ ಮಾಡಿ, ‘ಬಿ’ ಗುಂಡಿ ಒತ್ತಿ ದಪ್ಪ ಮಾಡುವುದು, ‘ಐ’ ಗುಂಡಿ ಒತ್ತಿ ವಾಲಿಸುವುದು. ಎಷ್ಟು ಸಂತೋಷವಾಗಿತ್ತು! ಆ ಗುಂಡಿ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ನಾನು ಯೋಚಿಸಿದ್ದು ಹದಿನೈದು ವರ್ಷಗಳ ಮೇಲೆ, ಆ ಬಸ್ಸಿನಲ್ಲಿ ಕೂತಾಗ.

ಆಗುವುದು ಇಷ್ಟು. ಫಾಂಟಿನಲ್ಲಿ ದಪ್ಪ ರೂಪವನ್ನು ಯಾರಾದರೂ ಬರೆದಿಟ್ಟಿದ್ದರೆ ಕಂಪ್ಯೂಟರ್ ಅದನ್ನು ತೆಗೆದು ತೋರಿಸುತ್ತದೆ. ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳುವುದಿಲ್ಲ. ಇರುವ ತೆಳ್ಳಗಿನ ಅಕ್ಷರದ ಅಂಚಿನ ಸುತ್ತ ಒಂದು ಪದರ ಬಳಿದು ದಪ್ಪ ಮಾಡುತ್ತದೆ. ಓರೆ ರೂಪ ಇಲ್ಲದಿದ್ದರೆ ಅಕ್ಷರದ ತಲೆ ಹಿಡಿದು ಬಲಕ್ಕೆ ತಳ್ಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೀಗೆ ತಳ್ಳುವ ಅಳತೆ ನಾಲ್ಕನೇ ಒಂದು ಭಾಗ. ಅಂದರೆ ಅಕ್ಷರ ನಾಲ್ಕು ಅಂಗುಲ ಎತ್ತರವಿದ್ದರೆ ಅದರ ತಲೆ ಒಂದು ಅಂಗುಲ ಬಲಕ್ಕೆ ಸರಿಯುತ್ತದೆ. ಸುಮಾರು 14 ಡಿಗ್ರಿ ವಾಲಿಕೆ. ಆಪಿನ ಗಾತ್ರ ಚಿಕ್ಕದಿರಲಿ ಎಂದು ನಾವು ಕನ್ನಡದ ಒಂದೇ ಒಂದು ಫಾಂಟ್ ಫೈಲ್, ತೆಳ್ಳಗಿನದು, ಸೇರಿಸಿದ್ದೆವು. ಇಂಗ್ಲಿಷಿಗೆ ನಾಲ್ಕೂ ರೂಪ ಇತ್ತು. ಹಾಗಾಗಿ ಇಂಗ್ಲಿಷಿನಲ್ಲಿ ನಿಜವಾದ ದಪ್ಪ ಓರೆ ಅಕ್ಷರ ಬಂತು, ಕನ್ನಡದಲ್ಲಿ ಅದರ ವೇಷ ಬಂತು.

ಈಗ ನಮ್ಮ ಗಣಿತದ ಮೇಷ್ಟ್ರು ಇಲ್ಲೇ ಇರುವುದರಿಂದ ಒಂದು ಲೆಕ್ಕ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಮನೆಗೆ ಹೋಗಿ ಮಾಡಿ ನೋಡಿ. ಚೌಕುಳಿ ಪುಸ್ತಕದಲ್ಲಿ ನಾಲ್ಕು ಮನೆ ಅಗಲ, ನಾಲ್ಕು ಮನೆ ಎತ್ತರದ ಒಂದು ಚೌಕ ಬರೆಯಿರಿ. ಅದರ ಎರಡು ಕರ್ಣಗಳನ್ನೂ ಎಳೆಯಿರಿ. ಎರಡರ ಉದ್ದವೂ ಒಂದೇ, 32ರ ವರ್ಗಮೂಲ, ಸುಮಾರು 5.66. ಈಗ ಚೌಕದ ಮೇಲಿನ ಬದಿಯನ್ನು ಮಾತ್ರ ಒಂದು ಮನೆ ಬಲಕ್ಕೆ ಸರಿಸಿ. ಚೌಕ ಸಮಾಂತರ ಚತುರ್ಭುಜವಾಯಿತು. ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಹೋಗುವ ಕರ್ಣ ಈಗ ಮೂರು ಮನೆ ಅಗಲ, ನಾಲ್ಕು ಮನೆ ಎತ್ತರ. ಪೈಥಾಗೊರಸ್ ಹೇಳಿದಂತೆ ಅದರ ಉದ್ದ ಸರಿಯಾಗಿ 5. ಇನ್ನೊಂದು ಕರ್ಣ ಐದು ಮನೆ ಅಗಲ, ನಾಲ್ಕು ಮನೆ ಎತ್ತರ. ಅದರ ಉದ್ದ 41ರ ವರ್ಗಮೂಲ, 6.4. ಒಂದು ಕುಗ್ಗಿತು, ಇನ್ನೊಂದು ಹಿಗ್ಗಿತು.

ಈಗ ಆ ಕರ್ಣಗಳು ಬರೀ ರೇಖೆಯಲ್ಲ, ಬ್ರಷ್ಷಿನಲ್ಲಿ ಎಳೆದ ಪಟ್ಟಿಗಳು ಎಂದುಕೊಳ್ಳಿ. ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವ ಸಮಾಂತರ ಚತುರ್ಭುಜಗಳ ವಿಸ್ತೀರ್ಣ ಸಮ ಎಂಬ ಪ್ರಮೇಯ ನೆನಪಿದೆಯಲ್ಲ? ವಾಲಿಸಿದರೆ ವಿಸ್ತೀರ್ಣ ಬದಲಾಗುವುದಿಲ್ಲ. ಹಾಗಾದರೆ ಉದ್ದ ಕುಗ್ಗಿದ ಪಟ್ಟಿ ಅಗಲವಾಗಲೇಬೇಕು, ಉದ್ದ ಹಿಗ್ಗಿದ ಪಟ್ಟಿ ತೆಳ್ಳಗಾಗಲೇಬೇಕು. ಮೊದಲು 100 ಇದ್ದ ದಪ್ಪ ಒಂದು ಕಡೆ 113 ಆಗುತ್ತದೆ, ಇನ್ನೊಂದು ಕಡೆ 88 ಆಗುತ್ತದೆ. ಅದೇ ಹೊತ್ತಿಗೆ ನೆಟ್ಟಗೆ ನಿಂತ ಕಂಬ 97 ಆಗುತ್ತದೆ, ಮಲಗಿದ ಗೀಟು 100 ಆಗಿಯೇ ಉಳಿಯುತ್ತದೆ.

ಇದರಲ್ಲೇ ಎಲ್ಲ ಇದೆ. ಇಂಗ್ಲಿಷಿನ ಹೆಚ್, ಐ, ಎಲ್, ಟಿ, ಇ, ಎಫ್ ಅಕ್ಷರಗಳನ್ನು ನೋಡಿ. ಬರೀ ಕಂಬ, ಬರೀ ಗೀಟು. ವಾಲಿಸಿದರೆ ಅವುಗಳಿಗೆ ನಷ್ಟ ನೂರಕ್ಕೆ ಮೂರು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಕನ್ನಡದ ಸೊನ್ನೆ, ರ, ದ, ಠ, ಅ, ಲ, ಬ, ಎಲ್ಲವೂ ದುಂಡು. ದುಂಡು ಅಕ್ಷರದ ಬಲ ಮೇಲ್ಭಾಗ ಮತ್ತು ಎಡ ಕೆಳಭಾಗ ಉಬ್ಬುತ್ತವೆ, ಎಡ ಮೇಲ್ಭಾಗ ಮತ್ತು ಬಲ ಕೆಳಭಾಗ ಸೊರಗುತ್ತವೆ. ಒಂದೇ ಸೊನ್ನೆಯೊಳಗೆ 113 ಮತ್ತು 88. ಒಂದು ಕಡೆ ಊದಿಕೊಂಡ ಬಳೆಯ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲೂ ‘ಓ’, ‘ಸಿ’, ‘ಎಸ್’ ಅಕ್ಷರಗಳಿಗೆ ಇದೇ ತೊಂದರೆ ಇದೆ. ಅದನ್ನು ಸರಿಪಡಿಸಲೆಂದೇ ಅಲ್ಲಿನ ವಿನ್ಯಾಸಕರು ಓರೆ ರೂಪವನ್ನು ಪ್ರತ್ಯೇಕವಾಗಿ ತಿದ್ದುತ್ತಾರೆ. ಅಲ್ಲಿ ಕೆಲವು ಅಕ್ಷರಕ್ಕೆ ಇರುವ ಕಾಯಿಲೆ ನಮ್ಮಲ್ಲಿ ಬಹುಪಾಲು ವರ್ಣಮಾಲೆಗೇ ಇದೆ. ಆದರೆ ಮದ್ದು ಅವರಿಗೆ ಮಾತ್ರ ಸಿಕ್ಕಿದೆ.

ಇನ್ನೊಂದು ವಿಷಯ ಒತ್ತಕ್ಷರದ್ದು. ವಾಲಿಸುವಾಗ ಅಕ್ಷರ ಕೂರುವ ಗೆರೆ ಸ್ಥಿರ. ಗೆರೆಯ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಗೆರೆಯ ಕೆಳಗಿರುವುದೆಲ್ಲ ಎಡಕ್ಕೆ ಹೋಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರದ ತಲೆಬರಹದಲ್ಲಿ ಗೆರೆಯ ಕೆಳಗೆ ಬಹುಮಟ್ಟಿಗೆ ಏನೂ ಇರುವುದಿಲ್ಲ. ನಮ್ಮಲ್ಲಿ ಗೆರೆಯ ಕೆಳಗೆ ಇರುವುದು ಇಡೀ ಒಂದು ವ್ಯಂಜನ. ‘ಮಹೋತ್ಸವ’ದಲ್ಲಿ ‘ತ’ ಬಲಕ್ಕೆ ವಾಲಿದರೆ ಅದರ ‘ಸ’ ಒತ್ತು ಎಡಕ್ಕೆ ಜಾರುತ್ತದೆ, ಎರಡರ ನಂಟು ಸಡಿಲವಾಗುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ ಒಂದರ ಕೆಳಗೆ ಎರಡು ಒತ್ತು. ತಲೆಬರಹದ ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿ ಮಾಡಿದರೆ ಆ ಒತ್ತುಗಳ ತುದಿಯೇ ಕತ್ತರಿಸಿ ಹೋಗುತ್ತದೆ.

ಇನ್ನು ದಪ್ಪ ಮಾಡುವ ವಿಚಾರ. ಅಂಚಿನ ಸುತ್ತ ಪದರ ಬಳಿದರೆ ಹೊರಗಡೆಯಷ್ಟೇ ಅಲ್ಲ, ಒಳಗಡೆಯೂ ಬೆಳೆಯುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಕಿರಿದಾಗುತ್ತದೆ. ನಮ್ಮಲ್ಲಿ ಬ–ಭ, ಡ–ಢ, ದ–ಧ, ಪ–ಫ ಇವುಗಳ ನಡುವಿನ ವ್ಯತ್ಯಾಸ ಒಂದು ಪುಟ್ಟ ಗೀಟು. ‘ಥ’ ಮತ್ತು ‘ಧ’ದ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ಆ ಚುಕ್ಕೆ ಊದಿ ಗೋಡೆಗೆ ತಾಗಿದರೆ ‘ಅರ್ಥ’ ಯಾವುದು, ‘ಅರ್ಧ’ ಯಾವುದು? ಗೀಟು ಮುಳುಗಿದರೆ ‘ಮಧ್ಯ ಕರ್ನಾಟಕ’ ‘ಮದ್ಯ ಕರ್ನಾಟಕ’ ಆಗುತ್ತದೆ. ನೀವು ನಗುತ್ತಿದ್ದೀರಿ, ನಾನೂ ನಗುತ್ತೇನೆ. ಆದರೆ ಸಹಾಯಧನದ ಅರ್ಜಿಗೆ ಕೊನೆಯ ದಿನ ಯಾವುದು ಎಂದು ಅಕ್ಷರ ಕೂಡಿಸಿ ಓದುವವರಿಗೆ ಅದು ನಗುವ ವಿಷಯವಲ್ಲ.

ನಿಜವಾದ ದಪ್ಪ ಅಕ್ಷರ ಬರೆಯುವವರು ಏನು ಮಾಡುತ್ತಾರೆ? ಅಕ್ಷರವನ್ನು ಸ್ವಲ್ಪ ಅಗಲ ಮಾಡುತ್ತಾರೆ, ಹೊಟ್ಟೆಯನ್ನು ತೆರೆದಿಡುತ್ತಾರೆ. ಎರಡು ಗೆರೆ ಕೂಡುವ ಕಡೆ ದಪ್ಪ ಇಳಿಸುತ್ತಾರೆ. ಗೀಟನ್ನು ಉದ್ದ ಮಾಡುತ್ತಾರೆ. ಕನ್ನಡದಲ್ಲಿ ಅಂಥ ಫಾಂಟುಗಳು ಈಗ ಇವೆ, ಉಚಿತವಾಗಿಯೇ ಸಿಗುತ್ತವೆ. ನೋಟೊ ಸ್ಯಾನ್ಸ್ ಕನ್ನಡದಲ್ಲಿ ತೀರ ತೆಳ್ಳಗಿನಿಂದ ತೀರ ದಪ್ಪದವರೆಗೆ ಒಂಬತ್ತು ಮೆಟ್ಟಿಲುಗಳಿವೆ. ಮುಂಬೈಯ ಏಕ್ ಟೈಪ್ ಸಂಸ್ಥೆಯವರ ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಅವರದೇ ಬಾಲೂ ತಮ್ಮ ಎಂಬ ಫಾಂಟು ದುಂಡು ದುಂಡಾಗಿ, ತಲೆಬರಹಕ್ಕೆಂದೇ ಮಾಡಿದಂತಿದೆ. ಈ ಮೂರರಲ್ಲೂ ಓರೆ ರೂಪ ಇಲ್ಲ. ಅದನ್ನು ನಾನು ಕೊರತೆ ಎಂದುಕೊಳ್ಳುವುದಿಲ್ಲ.

ಯಾಕೆಂದರೆ ಇಂಗ್ಲಿಷಿನವರು ಒಂದು ಪದವನ್ನು ಒತ್ತಿ ಹೇಳಲು ಅದನ್ನು ಓರೆ ಮಾಡುತ್ತಾರೆ. ನಾವು ಒಂದು ‘ಏ’ ಸೇರಿಸುತ್ತೇವೆ. ‘ಅವನು ಹೇಳಿದ್ದು’ ಬೇರೆ, ‘ಅವನೇ ಹೇಳಿದ್ದು’ ಬೇರೆ, ‘ಅವನು ಹೇಳಿದ್ದೇ’ ಬೇರೆ. ಅಕ್ಷರ ನೆಟ್ಟಗೇ ನಿಂತಿರುತ್ತದೆ, ಒತ್ತು ಭಾಷೆಯೊಳಗೇ ಇರುತ್ತದೆ. ಪುಸ್ತಕದ ಹೆಸರನ್ನು ಅವರು ಓರೆಯಾಗಿ ಅಚ್ಚು ಹಾಕಿದರೆ ನಾವು ಉದ್ಧರಣ ಚಿಹ್ನೆಯೊಳಗೆ ಇಡುತ್ತೇವೆ. ಇನ್ನು ತಲೆಬರಹ ಎದ್ದು ಕಾಣಬೇಕಾದರೆ ಗಾತ್ರ ಇದೆ, ದಪ್ಪ ಇದೆ, ಬಣ್ಣ ಇದೆ, ಸುತ್ತ ಖಾಲಿ ಜಾಗ ಇದೆ. ಓರೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕಾದರೆ ಯಾರಾದರೂ ಕೂತು ಬರೆಯಲಿ. ಅದಾಗುವವರೆಗೆ ವಾಲಿಸಲೇಬೇಕಾದರೆ ಅರ್ಧ ವಾಲಿಸಿ. ನಾಲ್ಕಕ್ಕೆ ಒಂದು ಮನೆಯ ಬದಲು ಎಂಟಕ್ಕೆ ಒಂದು. ಲೆಕ್ಕ ಮಾಡಿದರೆ ದಪ್ಪ 106 ಮತ್ತು 94ರ ನಡುವೆ ನಿಲ್ಲುತ್ತದೆ.

ಇದೆಲ್ಲ ಕಂಪ್ಯೂಟರಿನಿಂದ ಕಲಿತ ವಿದ್ಯೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನನಗೆ ಇದನ್ನು ಈ ಶಾಲೆಯ ಗೇಟಿನಲ್ಲೇ ಹೇಳಿಕೊಟ್ಟಿದ್ದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಗೇಟಿನ ಕಮಾನಿಗೆ ಬಣ್ಣ ಹೊಡೆಸಿ ಶಾಲೆಯ ಹೆಸರು ಬರೆಸಿದರು. ಬರೆದವರು ನಮ್ಮ ಊರಿನ ಪೇಂಟರು. ಲಾರಿಯ ಹಿಂದೆ, ಅಂಗಡಿಯ ಮುಂದೆ, ಎಲ್ಲ ಕಡೆ ಅವರದೇ ಕೈ. ಲಾರಿಯ ಮೇಲೆ ಅವರು ಓರೆಯಾಗಿಯೂ ಬರೆಯುತ್ತಿದ್ದರು. ಆದರೆ ಬ್ರಷ್ಷು ಸುತ್ತಿ ಬರುವಾಗ ಗೆರೆ ಎಲ್ಲೂ ಊದುತ್ತಿರಲಿಲ್ಲ, ಸೊರಗುತ್ತಿರಲಿಲ್ಲ. ಅವರು ಅಕ್ಷರ ಬರೆದು ವಾಲಿಸುತ್ತಿರಲಿಲ್ಲ, ವಾಲಿದ ಅಕ್ಷರವನ್ನೇ ಬರೆಯುತ್ತಿದ್ದರು. ನಾವು ಮಧ್ಯಾಹ್ನದ ಬಿಡುವಿನಲ್ಲಿ ಸುತ್ತ ನಿಂತು ನೋಡುತ್ತಿದ್ದೆವು. ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆದು, ‘ಸರ್ಕಾರಿ ಪ್ರೌಢಶಾಲೆ’ ಎಂದು ನೆಟ್ಟಗೆ, ದಪ್ಪಗೆ ಬರೆದರು. ‘ಢ’ದ ಕೆಳಗಿನ ಗೀಟನ್ನು ಮಾತ್ರ ತೀರ ಉದ್ದ ಎಳೆದರು. ನಾನು ಬುದ್ಧಿವಂತನ ಹಾಗೆ, “ಅಣ್ಣಾ, ಅದು ಜಾಸ್ತಿ ಉದ್ದ ಆಯ್ತು” ಎಂದೆ. ಅವರು ಏಣಿಯ ಮೇಲಿಂದಲೇ, “ರಸ್ತೇಲಿ ಹೋಗೋರಿಗೆ ಕಾಣ್ಬೇಕಲ್ಲಪ್ಪ. ಇಲ್ಲಾಂದ್ರೆ ಪ್ರೌಡ ಆಗ್ಬುಡ್ತದೆ” ಎಂದರು. ಅವರು ಈಗ ಇಲ್ಲ. ಆ ಗೀಟು ಇನ್ನೂ ಇದೆ. ಇಂದು ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ರಸ್ತೆಯ ಆ ಬದಿಯಿಂದಲೇ ಕಾಣಿಸಿತು.

ಈಗ ದಯವಿಟ್ಟು ನನ್ನ ಹಿಂದಿರುವ ಬ್ಯಾನರ್ ನೋಡಿ. ಮಾಡಿಸಿಕೊಟ್ಟವರ ಶ್ರಮಕ್ಕೆ ನಮಸ್ಕಾರ, ಇದು ಅವರ ತಪ್ಪಲ್ಲ. ಎಲ್ಲ ಕಡೆಯೂ ಹೀಗೇ ಇರುತ್ತದೆ, ನಾನು ಮಾಡಿದ್ದೂ ಇದನ್ನೇ. ಕೊನೆಯ ಸಾಲಿನಲ್ಲಿ ಕೂತಿರುವವರು ಎರಡನೇ ಗೆರೆಯನ್ನು ಗಟ್ಟಿಯಾಗಿ ಓದಿ. (ಹಿಂದಿನಿಂದ “ಪ್ರೌಡಶಾಲೆ” ಎಂಬ ಕೂಗು, ಸಭೆಯಲ್ಲಿ ನಗು.) ನೋಡಿದಿರಾ? ಕಣ್ಣಿನ ವೈದ್ಯರ ಹತ್ತಿರ ಯಾರೂ ಹೋಗಬೇಕಾಗಿಲ್ಲ.

ಆ ಆಪಿನ ಕಥೆ ಮುಗಿಸುತ್ತೇನೆ. ಊರಿನಿಂದ ಹೋದ ಮೇಲೆ ಕಚೇರಿಯಲ್ಲಿ ವಿಷಯ ಎತ್ತಿದೆ. ಫಾಂಟ್ ಸೇರಿಸಿದರೆ ಆಪ್ ದೊಡ್ಡದಾಗುತ್ತದೆ ಎಂದರು. ಇಂಗ್ಲಿಷ್ ಓರೆ, ಕನ್ನಡ ನೆಟ್ಟಗೆ ಇದ್ದರೆ ಒಂದೇ ರೀತಿ ಕಾಣುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇರಲಿಲ್ಲ ಎಂದಲ್ಲ. ನಾನು ವಾದ ಮಾಡಲು ಹೋಗದೆ ‘ಸಹಾಯಧನ’ ಪದವನ್ನು ಎರಡು ರೀತಿಯಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಓದಿ ಎಂದೆ. ಕನ್ನಡ ಬರುವ ಇಬ್ಬರು ಸಹೋದ್ಯೋಗಿಗಳು ಓದಿ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಆವೃತ್ತಿಯಲ್ಲಿ ನಿಜವಾದ ದಪ್ಪ ಫಾಂಟ್ ಸೇರಿತು, ಓರೆ ಹೋಯಿತು, ಸಾಲಿಗೆ ಎತ್ತರ ಸಿಕ್ಕಿತು. ವೆಬ್ ಪುಟ ಮಾಡುವವರಿಗೆ ಒಂದು ಮಾತು: ‘ಫಾಂಟ್-ಸಿಂಥೆಸಿಸ್’ ಎಂಬ ಗುಣಕ್ಕೆ ‘ನನ್’ ಎಂದು ಕೊಟ್ಟರೆ ಬ್ರೌಸರ್ ಇಲ್ಲದ ದಪ್ಪವನ್ನೂ ಇಲ್ಲದ ಓರೆಯನ್ನೂ ತಾನಾಗಿ ಸೃಷ್ಟಿಸುವುದಿಲ್ಲ. ಒಂದೇ ಸಾಲು.

ಕೊನೆಯದಾಗಿ ಮೂರು ಕೋರಿಕೆ. ಮಕ್ಕಳೇ, ನಿಮ್ಮ ಗೋಡೆ ಪತ್ರಿಕೆಗೋ ಪ್ರಾಜೆಕ್ಟಿಗೋ ಕಂಪ್ಯೂಟರಿನಲ್ಲಿ ತಲೆಬರಹ ಹಾಕುವಾಗ ಅದನ್ನು ಅಂಟಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ, ಥ, ಧ, ಢ, ಭ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಬೇರೆ ಫಾಂಟ್ ಆರಿಸಿ. ಸಮಿತಿಯ ಹಿರಿಯರೇ, ಹೊಸ ಕಮಾನು ಕಟ್ಟಿಸುವ ಯೋಜನೆ ಇದೆ ಎಂದು ಕೇಳಿದೆ. ಕಟ್ಟಿಸಿ, ಆದರೆ ಹಳೆಯ ಅಕ್ಷರಗಳನ್ನು ಅಳಿಸುವ ಮೊದಲು ಅವುಗಳ ಅಚ್ಚು ತೆಗೆದುಕೊಳ್ಳಲು ನನಗೆ ಒಂದು ದಿನ ಕೊಡಿ. ಮೂರನೆಯದು ನಾನೇ ಕೊಡುವ ಮಾತು. ಬರುವ ಬೇಸಿಗೆ ರಜೆಯಲ್ಲಿ ಒಂದು ವಾರ ಇಲ್ಲಿಗೆ ಬರುತ್ತೇನೆ. ಚೌಕುಳಿ ಹಾಳೆಯ ಮೇಲೆ ಅಕ್ಷರ ಬರೆದು, ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಫಾಂಟ್ ಮಾಡುವುದನ್ನು ಆಸಕ್ತಿ ಇರುವ ಮಕ್ಕಳಿಗೆ ಹೇಳಿಕೊಡುತ್ತೇನೆ. ವರ್ಣಮಾಲೆಯ 49 ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿದರೆ ಕೆಲಸ ನೂರಾರು ರೂಪಗಳದ್ದು, ಒಂದು ವಾರದಲ್ಲಿ ಮುಗಿಯುವುದಿಲ್ಲ. ಗೇಟಿನ ಮೇಲಿರುವ ಅಕ್ಷರಗಳಿಂದ ಶುರು ಮಾಡೋಣ. ಆ ‘ಢ’ದಿಂದಲೇ.

ಅಮ್ಮ ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದಾರೆ. ಅವರು ಈಗ ಮತ್ತೆ ತಲೆಬರಹ ಓದುತ್ತಾರೆ. ಆದರೂ ಎಲ್ಲಾದರೂ ಅಕ್ಷರ ಕಾಣದಿದ್ದರೆ ಮೊದಲಿನ ಹಾಗೆ ಕನ್ನಡಕ ಒರೆಸುವುದಿಲ್ಲ. ನನಗೆ ಫೋನ್ ಮಾಡಿ, “ಇದನ್ನ ಬರ್ದೋರು ಯಾರು?” ಎಂದು ಕೇಳುತ್ತಾರೆ.